ಗಣಿತ ಸಂಶೋಧನೆಯ ಬಾಗಿಲಿನಲ್ಲಿ

ಬಿ.ಎಸ್‌ಸಿ. ಕೊನೆಯ ವರ್ಷದ ತರಗತಿಗಳಲ್ಲಿ ಗಣಿತವನ್ನು ಗಣಿತಕ್ಕಾಗಿಯೇ ಪ್ರೀತಿಸುವ ವಿದ್ಯಾರ್ಥಿಗಳು ಒಬ್ಬಿಬ್ಬರಾದರೂ ಇದ್ದೇ ಇರುತ್ತಾರೆ. ಪರೀಕ್ಷೆ ಮುಗಿದ ಮೇಲೆ ಅವರಲ್ಲಿ ಕೆಲವರು ಬಿ.ಎಡ್. ಸೇರುವರು, ಕೆಲವರು ಬ್ಯಾಂಕಿನ ಪರೀಕ್ಷೆಗೆ ಕೂರುವರು, ಮತ್ತೆ ಕೆಲವರು ಗಣಕಯಂತ್ರದ ಕೆಲಸವನ್ನು ಅರಸಿ ಹೊರಡುವರು. ಇವೆಲ್ಲವೂ ಗೌರವದ ಮಾರ್ಗಗಳೇ ಸರಿ. ಆದರೆ ಗಣಿತದಲ್ಲಿಯೇ ಸಂಶೋಧನೆಯವರೆಗೆ ಸಾಗುವ ಮಾರ್ಗವೊಂದಿದೆ, ಅದಕ್ಕೆ ಅರ್ಜಿ ಹಾಕಬಹುದು, ಆಯ್ಕೆಯಾದರೆ ಊಟವಸತಿಗೆ ಸಾಲುವಷ್ಟು ವಿದ್ಯಾರ್ಥಿವೇತನವೂ ದೊರೆಯಬಹುದು ಎಂಬ ಸಂಗತಿಯು ಅವರಲ್ಲಿ ಅನೇಕರಿಗೆ ತಿಳಿಯುವುದು ಅರ್ಜಿಯ ಕೊನೆಯ ದಿನಾಂಕ ಕಳೆದ ಮೇಲೆ.

ಭೌತಶಾಸ್ತ್ರದ ಅಧ್ಯಾಪಕರಾದ ನಾವು ಗಣಿತದವರ ಮನೆಯ ವಿಚಾರಕ್ಕೆ ಕೈಹಾಕುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಆದರೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರನ್ನೂ ಜೊತೆಯಾಗಿ ಓದುವ ನಮ್ಮ ವಿದ್ಯಾರ್ಥಿಗಳು ಯಾವ ಕಡೆಗೆ ತಿರುಗಬೇಕೆಂಬ ಗೊಂದಲವನ್ನು ಮೂವರು ಅಧ್ಯಾಪಕರಲ್ಲಿಯೂ ತೋಡಿಕೊಳ್ಳುತ್ತಾರೆ. ಅಲ್ಲದೆ ಭೌತಶಾಸ್ತ್ರದಿಂದ ಗಣಿತಕ್ಕೆ ಹೋಗಿ ಅಲ್ಲಿ ಬಹಳ ಎತ್ತರಕ್ಕೇರಿದ ಒಬ್ಬ ಭಾರತೀಯನ ಕಥೆಯಲ್ಲಿ ಬೆಂಗಳೂರಿಗೂ ಪಾಲಿದೆ. ಅದನ್ನು ಮುಂದೆ ಹೇಳುವೆವು.

ಮೊದಲು ಬಾಗಿಲುಗಳು ಎಲ್ಲೆಲ್ಲಿವೆಯೆಂದು ನೋಡೋಣ. ಮೈಸೂರು, ಧಾರವಾಡ ಮೊದಲಾದ ಕಡೆಗಳಲ್ಲಿರುವ ನಮ್ಮ ವಿಶ್ವವಿದ್ಯಾಲಯಗಳ ಎಂ.ಎಸ್‌ಸಿ. ಎಲ್ಲರಿಗೂ ಗೊತ್ತು. ಅದರಾಚೆಗೆ ‘ಜ್ಯಾಮ್’ ಎಂಬ ಅಖಿಲ ಭಾರತ ಪರೀಕ್ಷೆಯುಂಟು. ಐ.ಐ.ಟಿ.ಗಳ ಎಂ.ಎಸ್‌ಸಿ. ತರಗತಿಗಳಿಗೂ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪದವಿಯ ನಂತರ ನೇರವಾಗಿ ಸೇರಬಹುದಾದ ಸಮಗ್ರ ಪಿಎಚ್.ಡಿ.ಗೂ ಇದೇ ದಾರಿ. ಮೈಸೂರು ರಸ್ತೆಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಬೆಂಗಳೂರು ಕೇಂದ್ರವಿದೆ. ಅದು ತನ್ನದೇ ಪ್ರವೇಶ ಪರೀಕ್ಷೆಯನ್ನು ನಡೆಸುತ್ತದೆ. ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ಅನ್ವಿತ ಗಣಿತ ಕೇಂದ್ರವೂ ಬೆಂಗಳೂರಿನಲ್ಲಿದೆ. ಚೆನ್ನೈನ ಗಣಿತ ಸಂಸ್ಥೆ ಒಂದು ರಾತ್ರಿಯ ಪ್ರಯಾಣದಷ್ಟು ದೂರ. ಅಂತೂ ಕನ್ನಡ ನಾಡಿನ ವಿದ್ಯಾರ್ಥಿಗೆ ಬಾಗಿಲುಗಳು ದೂರದಲ್ಲಿಲ್ಲ. ಅವುಗಳ ಬೀಗದ ಸ್ವರೂಪ ಮಾತ್ರ ಬೇರೆ.

ಆ ಸ್ವರೂಪವನ್ನು ತಿಳಿಯಲು ಎರಡು ಪ್ರಶ್ನಪತ್ರಿಕೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಸಾಕು. ಜ್ಯಾಮ್ ಪರೀಕ್ಷೆಯಲ್ಲಿ ಮೂರು ಗಂಟೆಗಳ ಅವಧಿಗೆ 60 ಪ್ರಶ್ನೆಗಳು, 100 ಅಂಕಗಳು. ಒಂದೊಂದು ಪ್ರಶ್ನೆಗೆ ಸರಾಸರಿ ಮೂರು ನಿಮಿಷವೆಂದಾಯಿತು. ಉತ್ತರವನ್ನು ಗುರುತಿಸುವುದು ಇಲ್ಲವೆ ಒಂದು ಸಂಖ್ಯೆಯನ್ನು ನಮೂದಿಸುವುದು ಇಲ್ಲಿಯ ಕ್ರಮ. ಕಾರಣವನ್ನು ಯಾರೂ ಕೇಳುವುದಿಲ್ಲ. ಸಂಖ್ಯಾಶಾಸ್ತ್ರ ಸಂಸ್ಥೆಯ ಪರೀಕ್ಷೆಯಲ್ಲಾದರೋ ಇಂಥ ಪತ್ರಿಕೆಯೊಂದರ ಜೊತೆಗೆ, ಕಾರಣಗಳನ್ನೇ ಬರೆಯಬೇಕಾದ ಮತ್ತೊಂದು ಪತ್ರಿಕೆಯಿದೆ. ಅಲ್ಲಿ ಸಮಸ್ಯೆಗಳು ಕೆಲವೇ. ಪ್ರತಿಯೊಂದಕ್ಕೂ ಉಪಪತ್ತಿಯನ್ನು, ಎಂದರೆ ಸಂದೇಹಕ್ಕೆ ಎಡೆಯಿಲ್ಲದ ಸಾಧನೆಯನ್ನು, ಒದಗಿಸಬೇಕು.

ನಮ್ಮ ವಿದ್ಯಾರ್ಥಿಗಳು ಎಡವುವುದು ಈ ಎರಡನೆಯ ಪತ್ರಿಕೆಯಲ್ಲಿಯೇ. ಅದಕ್ಕೆ ಅವರ ಬುದ್ಧಿಶಕ್ತಿ ಕಾರಣವಲ್ಲ. ಪದವಿ ಪರೀಕ್ಷೆಗಳಲ್ಲಿ ನಾವು ಕೇಳುವುದು ಪುಸ್ತಕದಲ್ಲಿರುವ ಪ್ರಮೇಯವನ್ನು. ವಿದ್ಯಾರ್ಥಿಯು ಒಪ್ಪಿಸುವುದು ಪುಸ್ತಕದಲ್ಲಿರುವ ಉಪಪತ್ತಿಯನ್ನು. ಕಂಠಪಾಠದಿಂದ ನೂರಕ್ಕೆ ತೊಂಬತ್ತೈದು ಬರುತ್ತದೆ, ಅಧ್ಯಾಪಕರಿಗೂ ತಂದೆತಾಯಿಗಳಿಗೂ ಸಂತೋಷವಾಗುತ್ತದೆ. ಹಿಂದೆ ಕಂಡಿರದ ವಾಕ್ಯವೊಂದನ್ನು ಮುಂದಿಟ್ಟು, ‘ಇದು ನಿಜವೋ ಸುಳ್ಳೋ, ನೀನೇ ನಿರ್ಧರಿಸು’ ಎಂದು ಕೇಳುವ ಸಂದರ್ಭ ಮೂರು ವರ್ಷಗಳಲ್ಲಿ ಎಷ್ಟು ಬಾರಿ ಬರುತ್ತದೆಂಬುದನ್ನು ವಾಚಕರೇ ಎಣಿಸಿ ನೋಡಬಹುದು.

ಲಿಖಿತ ಪರೀಕ್ಷೆಯನ್ನು ದಾಟಿದವರಿಗೆ ಅನೇಕ ಸಂಸ್ಥೆಗಳಲ್ಲಿ ಸಂದರ್ಶನವುಂಟು. ಅದರ ವಿಷಯವಾಗಿ ವಿದ್ಯಾರ್ಥಿಗಳಲ್ಲಿರುವ ಭಯ ಬಹಳ. ಅಲ್ಲಿ ಎಂಥ ಮಾತುಕತೆ ನಡೆಯಬಹುದೆಂಬುದಕ್ಕೆ ಒಂದು ಮಾದರಿಯನ್ನು ಕೊಡುವೆವು. ಇದು ಯಾವ ಸಂಸ್ಥೆಯ ಪ್ರಶ್ನೆಯೂ ಅಲ್ಲ, ನಾವೇ ಆರಿಸಿಕೊಂಡದ್ದು.

ಸೊನ್ನೆಯಿಂದ ಒಂದರವರೆಗಿನ ಪ್ರತಿಯೊಂದು ಸಂಖ್ಯೆಗೂ ಅದೇ ವ್ಯಾಪ್ತಿಯ ಒಂದು ಸಂಖ್ಯೆಯನ್ನು ಗೊತ್ತುಮಾಡುವ ನಿಯಮವೊಂದಿದೆಯೆನ್ನೋಣ. ಇಂಥ ನಿಯಮಕ್ಕೆ ಫಲನ ಅಥವಾ ಫಂಕ್ಷನ್ ಎಂದು ಹೆಸರು. ಅದು ಅವಿಚ್ಛಿನ್ನವಾಗಿದೆ, ಎಂದರೆ ಅದರ ನಕ್ಷೆಯನ್ನು ಲೇಖನಿಯನ್ನು ಎತ್ತದೆ ಎಳೆಯಬಹುದು. ತನ್ನ ಜಾಗದಲ್ಲಿಯೇ ಉಳಿಯುವ ಸಂಖ್ಯೆಯೊಂದು, ಎಂದರೆ ನಿಯಮವು ತನಗೆ ತನ್ನನ್ನೇ ಗೊತ್ತುಮಾಡಿದ ಸಂಖ್ಯೆಯೊಂದು, ಇದ್ದೇ ತೀರಬೇಕೆ?

ಒಳ್ಳೆಯ ವಿದ್ಯಾರ್ಥಿ ಚೌಕವೊಂದನ್ನು ಬರೆದು ಎಡಗಡೆಯ ಕೆಳಮೂಲೆಯಿಂದ ಬಲಗಡೆಯ ಮೇಲ್ಮೂಲೆಗೆ ಕರ್ಣವನ್ನು ಎಳೆಯುತ್ತಾನೆ. ನಕ್ಷೆಯ ಎಡತುದಿ ಕರ್ಣದ ಮೇಲೋ ಅದಕ್ಕಿಂತ ಎತ್ತರದಲ್ಲಿಯೋ ಇರಬೇಕು. ಬಲತುದಿ ಕರ್ಣದ ಮೇಲೋ ಅದಕ್ಕಿಂತ ಕೆಳಗೋ ಇರಬೇಕು. ಲೇಖನಿ ಎತ್ತದೆ ಎಳೆದ ಗೆರೆ ಮೇಲಿನಿಂದ ಕೆಳಕ್ಕೆ ಬರುವಾಗ ಕರ್ಣವನ್ನು ಎಲ್ಲಿಯಾದರೂ ಮುಟ್ಟಲೇಬೇಕು. ಮುಟ್ಟಿದ ಕಡೆಯೇ ಬೇಕಾದ ಸಂಖ್ಯೆ. ಇದನ್ನು ನಿಷ್ಕೃಷ್ಟವಾಗಿ ಹೇಳಲು, ಫಲನದ ಬೆಲೆಯಿಂದ ಕ್ಷವನ್ನು ಕಳೆದು ಬರುವ ಹೊಸ ಫಲನಕ್ಕೆ ಮಧ್ಯಮೌಲ್ಯ ಪ್ರಮೇಯವನ್ನು ಹಚ್ಚಿದರೆ ಆಯಿತು. ಇಷ್ಟನ್ನು ಪುಸ್ತಕ ಓದಿದವರೆಲ್ಲರೂ ಹೇಳಬಲ್ಲರು.

ಸಂದರ್ಶನ ನಿಜವಾಗಿ ಆರಂಭವಾಗುವುದು ಇದಾದ ಮೇಲೆ. ಪರೀಕ್ಷಕರು ಒಂದು ಸಣ್ಣ ಬದಲಾವಣೆ ಮಾಡುತ್ತಾರೆ: ‘ಸೊನ್ನೆಯನ್ನೂ ಒಂದನ್ನೂ ತೆಗೆದುಬಿಡು. ಅವೆರಡರ ನಡುವಿನ ಸಂಖ್ಯೆಗಳು ಮಾತ್ರ ಉಳಿಯಲಿ. ಈಗ?’ ಕಂಠಪಾಠದವನು ಉಪಪತ್ತಿಯನ್ನು ಮತ್ತೊಮ್ಮೆ ಒಪ್ಪಿಸತೊಡಗುತ್ತಾನೆ. ಯೋಚಿಸುವವನು, ತುದಿಗಳಿಲ್ಲದ ಮೇಲೆ ಉಪಪತ್ತಿಯ ಯಾವ ಹೆಜ್ಜೆ ಕುಸಿಯಿತೆಂದು ನೋಡುತ್ತಾನೆ. ಸ್ವಲ್ಪ ಹೊತ್ತಿಗೆ, ಪ್ರತಿ ಸಂಖ್ಯೆಗೂ ಅದರ ವರ್ಗವನ್ನು ಗೊತ್ತುಮಾಡಿ ನೋಡೋಣವೆಂದು ಅವನಿಗೆ ಹೊಳೆಯುತ್ತದೆ. ತನ್ನ ವರ್ಗಕ್ಕೆ ತಾನೇ ಸಮವಾಗಿರುವ ಸಂಖ್ಯೆಗಳು ಸೊನ್ನೆ ಮತ್ತು ಒಂದು ಮಾತ್ರ. ಅವೆರಡೂ ಈಗ ಇಲ್ಲ. ಆದ್ದರಿಂದ ಪ್ರಮೇಯ ಬಿದ್ದುಹೋಯಿತು.

‘ಸರಿ, ಗೆರೆಯ ಬದಲು ದುಂಡನೆಯ ತಟ್ಟೆಯನ್ನು ತೆಗೆದುಕೋ’ ಎಂದು ಅವರು ಮುಂದುವರಿಸಬಹುದು. ತಟ್ಟೆಯನ್ನು ತಿರುಗಿಸಿದರೆ ಅದರ ಕೇಂದ್ರವಾದರೂ ನಿಂತಲ್ಲಿಯೇ ನಿಲ್ಲುತ್ತದೆ. ಅಂಚೂ ಸೇರಿದ ತಟ್ಟೆಯನ್ನು ತನ್ನೊಳಗೆ ಹೇಗೆ ಹಿಗ್ಗಿಸಿ, ಕುಗ್ಗಿಸಿ, ಮಡಿಸಿ ಇಟ್ಟರೂ, ಹರಿಯದಿದ್ದರೆ ಸಾಕು, ನಿಂತಲ್ಲಿಯೇ ನಿಲ್ಲುವ ಬಿಂದುವೊಂದು ಇದ್ದೇ ಇರುತ್ತದೆ. ಇದು ಡಚ್ ಗಣಿತಜ್ಞ ಬ್ರೌವರರ ಪ್ರಸಿದ್ಧ ಪ್ರಮೇಯ. ಅದರ ಉಪಪತ್ತಿಯನ್ನು ಪದವಿ ವಿದ್ಯಾರ್ಥಿಯಿಂದ ಯಾರೂ ನಿರೀಕ್ಷಿಸುವುದಿಲ್ಲ. ‘ತಟ್ಟೆಯ ಬದಲು ಬಳೆಯಾದರೆ?’ ಎಂಬ ಪ್ರಶ್ನೆಗೆ ಮಾತ್ರ ಯಾರೂ ಉತ್ತರ ಹೇಳಬಹುದು: ಬಳೆಯನ್ನು ಕೈಯಲ್ಲಿ ಒಂದಿಷ್ಟು ತಿರುಗಿಸಿದರೆ ಅದರ ಎಲ್ಲ ಬಿಂದುಗಳೂ ಕದಲುತ್ತವೆ. ನಡುವಿನ ತೂತು ಇಷ್ಟು ದೊಡ್ಡ ವ್ಯತ್ಯಾಸಕ್ಕೆ ಕಾರಣವಾಯಿತೇ ಎಂದು ಆಗ ಯಾರ ಮುಖ ಅರಳುತ್ತದೆಯೋ ಅಂಥವರನ್ನೇ ಪರೀಕ್ಷಕರು ಹುಡುಕುತ್ತಿರುವುದು. ಉತ್ತರ ತಪ್ಪಾದರೂ ಚಿಂತೆಯಿಲ್ಲ. ತಪ್ಪನ್ನು ತೋರಿಸಿದೊಡನೆ ಅದನ್ನು ಹಿಡಿದು ಮುಂದೆ ನಡೆಯಬಲ್ಲವನೇ ಎಂಬುದೇ ಮುಖ್ಯ.

ವಿದೇಶದ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕುವಾಗ ಇಂಥ ಲಿಖಿತ ಪರೀಕ್ಷೆ ಸಾಮಾನ್ಯವಾಗಿ ಇರುವುದಿಲ್ಲ. ಅಲ್ಲಿ ಅಂಕಪಟ್ಟಿಯ ಜೊತೆಗೆ ಎರಡು ಕಾಗದಗಳಿಗೆ ಬಹಳ ತೂಕವುಂಟು: ಅಭ್ಯರ್ಥಿಯು ತಾನೇ ಬರೆಯುವ ಉದ್ದೇಶ ಪತ್ರ, ಮತ್ತು ಅಧ್ಯಾಪಕರ ಶಿಫಾರಸು ಪತ್ರಗಳು. ನಮ್ಮ ದೇಶದ ಕೆಲವು ಸಂಸ್ಥೆಗಳೂ ಇವನ್ನು ಕೇಳುತ್ತವೆ.

ಉದ್ದೇಶ ಪತ್ರವನ್ನು ನಮ್ಮ ಹುಡುಗರು ಬರೆಯುವ ರೀತಿ ಒಂದೇ. ಬಾಲ್ಯದಿಂದಲೂ ಅಂಕೆಗಳಲ್ಲಿ ಆಸಕ್ತಿ, ಹತ್ತನೆಯ ತರಗತಿಯಲ್ಲಿ ನೂರಕ್ಕೆ ನೂರು, ರಾಮಾನುಜನ್ ಅವರ ಜೀವನದಿಂದ ಸ್ಫೂರ್ತಿ, ದೇಶಸೇವೆಯ ಹಂಬಲ. ಇವೆಲ್ಲವೂ ನಿಜವೇ ಇರಬಹುದು. ಆದರೆ ಇದೇ ಕಥೆಯನ್ನು ಇನ್ನೂ ನೂರಾರು ಮಂದಿ ಬರೆದಿರುವಾಗ ಓದುವವರಿಗೆ ಇದರಿಂದ ತಿಳಿಯುವುದಾದರೂ ಏನು?

ಇದರ ಬದಲು ನಮ್ಮ ಭೌತಶಾಸ್ತ್ರದ ಪಾಠದಿಂದಲೇ ಹುಟ್ಟಬಹುದಾದ ಒಂದು ಪತ್ರವನ್ನು ಊಹಿಸಿಕೊಳ್ಳಿ. ಯಾವ ಆವರ್ತ ತರಂಗವನ್ನಾದರೂ ಸೈನ್ ಮತ್ತು ಕೊಸೈನ್ ತರಂಗಗಳ ಮೊತ್ತವಾಗಿ ಬರೆಯಬಹುದೆಂದು ಫೂರಿಯೇ ತೋರಿಸಿದನೆಂದು ನಾವು ತರಗತಿಯಲ್ಲಿ ಸರಾಗವಾಗಿ ಹೇಳಿಬಿಡುತ್ತೇವೆ. ಒಬ್ಬ ವಿದ್ಯಾರ್ಥಿ ಚೌಕ ತರಂಗವನ್ನು ತೆಗೆದುಕೊಳ್ಳುತ್ತಾನೆ. ಅದರ ಬೆಲೆ ಅರ್ಧ ಕಾಲ ಧನ ಒಂದು, ಉಳಿದರ್ಧ ಋಣ ಒಂದು. ನಡುವೆ ಎರಡರಷ್ಟು ಎತ್ತರದ ಕಡಿದಾದ ನೆಗೆತ. ಶ್ರೇಢಿಯ ಮೊದಲ ಹತ್ತು ಪದಗಳನ್ನು ಕೂಡಿಸಿ ನಕ್ಷೆ ಬರೆದರೆ ನೆಗೆತದ ಪಕ್ಕದಲ್ಲಿ ಗೆರೆ ಒಂದನ್ನು ಮೀರಿ ಕೊಂಬಿನಂತೆ ಮೇಲೇಳುತ್ತದೆ. ನೂರು ಪದಗಳನ್ನು ಕೂಡಿಸಿದರೆ ಸರಿಹೋದೀತೆಂದು ಕೂಡಿಸುತ್ತಾನೆ. ಕೊಂಬು ತೆಳ್ಳಗಾಗಿ ನೆಗೆತಕ್ಕೆ ಹತ್ತಿರ ಸರಿಯುತ್ತದೆಯೇ ಹೊರತು ಗಿಡ್ಡವಾಗುವುದಿಲ್ಲ! ಪದಗಳನ್ನು ಎಷ್ಟು ಹೆಚ್ಚಿಸಿದರೂ ಅದರ ತುದಿ 1.179ರ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. ನೆಗೆತದ ನೂರರಲ್ಲಿ ಸುಮಾರು ಒಂಬತ್ತು ಪಾಲಿನಷ್ಟು ಈ ಹೆಚ್ಚಳ ಎಂದಿಗೂ ಹೋಗುವುದಿಲ್ಲ. ಇಂಗ್ಲೆಂಡಿನ ವಿಲ್‌ಬ್ರಹಾಮ್ 1848ರಲ್ಲಿಯೇ ಇದನ್ನು ಕಂಡಿದ್ದನು. ಅದು ಮರೆತುಹೋಗಿ, 1899ರಲ್ಲಿ ಅಮೆರಿಕದ ಗಿಬ್ಸ್ ಮತ್ತೆ ವಿವರಿಸಿದ್ದರಿಂದ ಅವನ ಹೆಸರೇ ನಿಂತಿತು.

ಹಾಗಾದರೆ ಶ್ರೇಢಿಯು ತರಂಗಕ್ಕೆ ಸಮವೆಂದು ತರಗತಿಯಲ್ಲಿ ಹೇಳಿದ್ದು ಸುಳ್ಳೇ? ಒಂದು ಬಿಂದುವನ್ನು ಹಿಡಿದು ಅಲ್ಲಿಯೇ ನಿಂತು ನೋಡಿದರೆ, ಕೊಂಬು ಅದನ್ನು ದಾಟಿ ಹೋಗುತ್ತದೆ, ಮೊತ್ತ ಸರಿಯಾದ ಬೆಲೆಯನ್ನು ಸೇರುತ್ತದೆ. ನೆಗೆತದ ಬಿಂದುವಿನಲ್ಲಿ ಮಾತ್ರ ಎರಡು ಬೆಲೆಗಳ ನಡುವಣ ಸೊನ್ನೆಗೆ ಸೇರುತ್ತದೆ. ಎಲ್ಲ ಬಿಂದುಗಳನ್ನೂ ಒಟ್ಟಿಗೆ ನೋಡಿದರೆ ಕೊಂಬು ಎಲ್ಲಿಯೋ ಒಂದು ಕಡೆ ಇದ್ದೇ ಇರುತ್ತದೆ. ‘ಸೇರುತ್ತದೆ’ ಎಂಬ ಒಂದೇ ಮಾತಿಗೆ ಎರಡು ಅರ್ಥಗಳಿವೆಯೆಂದಾಯಿತು. ಭೌತಶಾಸ್ತ್ರದವರಾದ ನಾವು ಈ ಸೂಕ್ಷ್ಮವನ್ನು ಬದಿಗೊತ್ತಿ ಮುಂದೆ ಹೋಗಿಬಿಡುತ್ತೇವೆ. ನಮ್ಮ ಕೆಲಸಕ್ಕೆ ಅದು ನಡೆಯುತ್ತದೆ. ಮುಂದೆ ಹೋಗಲಾರದೆ ಅಲ್ಲಿಯೇ ನಿಂತುಬಿಟ್ಟ ವಿದ್ಯಾರ್ಥಿಯು, ತಾನು ಎಲ್ಲಿ ನಿಂತೆ, ಯಾವ ಪುಸ್ತಕವನ್ನು ತೆರೆದೆ, ಎಷ್ಟು ಅರ್ಥವಾಯಿತು, ಯಾವುದು ಇನ್ನೂ ಆಗಿಲ್ಲ ಎಂಬುದನ್ನು ಒಂದು ಪುಟದಲ್ಲಿ ಬರೆದರೆ ಅದೇ ಉದ್ದೇಶ ಪತ್ರ. ಇಂಗ್ಲಿಷಿನ ಸೊಗಸು ಇಲ್ಲದಿದ್ದರೂ ನಡೆದೀತು.

ರಾಮಾನುಜನ್ ಅವರ ಹೆಸರು ಬಂತು. 1913ನೆಯ ಜನವರಿ 16ರ ದಿನಾಂಕದ ಅವರ ಪತ್ರ ಬಹುಶಃ ಗಣಿತದ ಇತಿಹಾಸದಲ್ಲಿಯೇ ಅತ್ಯಂತ ಪ್ರಸಿದ್ಧವಾದ ಅರ್ಜಿ. ಕಾಲೇಜಿನ ಪರೀಕ್ಷೆಯಲ್ಲಿ ತೇರ್ಗಡೆಯಾಗದಿದ್ದ ಗುಮಾಸ್ತನೊಬ್ಬನನ್ನು ಅದು ಕೇಂಬ್ರಿಜ್‌ಗೆ ಮುಟ್ಟಿಸಿತು. ಅಂಕಗಳು ಬೇಕಾಗಿಲ್ಲವೆಂಬುದಕ್ಕೆ ವಿದ್ಯಾರ್ಥಿಗಳು ಇದನ್ನು ಸಾಕ್ಷಿಯಾಗಿ ತರುವುದುಂಟು. ಆದರೆ ಪತ್ರದಲ್ಲಿದ್ದುದು ಆತ್ಮಕಥೆಯಲ್ಲ, ಪುಟಗಟ್ಟಲೆ ಪ್ರಮೇಯಗಳು. ಅದನ್ನು ಕಂಡು ಬೆರಗಾದ ಹಾರ್ಡಿ ಮುಂದಿನ ತಿಂಗಳೇ ಬರೆದ ಉತ್ತರದಲ್ಲಿ ಒತ್ತಿ ಕೇಳಿದುದು ಉಪಪತ್ತಿಗಳನ್ನು. ಅವಿಭಾಜ್ಯ ಸಂಖ್ಯೆಗಳ ವಿಷಯದಲ್ಲಿ ರಾಮಾನುಜನ್ ಬರೆದದ್ದರಲ್ಲಿ ಕೆಲವು ತಪ್ಪೆಂದು ಆಮೇಲೆ ತಿಳಿಯಿತು. ಅಂಥ ಪ್ರತಿಭೆಗೂ ಆ ಪ್ರಶ್ನೆ ತಪ್ಪಲಿಲ್ಲ.

ಇನ್ನು ಶಿಫಾರಸು ಪತ್ರ. 1948ರ ಫೆಬ್ರವರಿಯಲ್ಲಿ ಅಮೆರಿಕದ ಕಾರ್ನೆಗೀ ತಾಂತ್ರಿಕ ವಿದ್ಯಾಲಯದ ಅಧ್ಯಾಪಕ ಡಫಿನ್, ಪ್ರಿನ್ಸ್‌ಟನ್ ವಿಶ್ವವಿದ್ಯಾಲಯಕ್ಕೆ ತನ್ನ ವಿದ್ಯಾರ್ಥಿಯ ಪರವಾಗಿ ಕೆಲವೇ ಸಾಲುಗಳ ಪತ್ರ ಬರೆದನು. ಹುಡುಗನಿಗೆ ಹತ್ತೊಂಬತ್ತು ವರ್ಷ, ಅವನು ಗಣಿತದ ಮಹಾಪ್ರತಿಭಾವಂತ ಎಂಬುದಷ್ಟೇ ಅದರ ಸಾರ. ಆ ಹುಡುಗ ಜಾನ್ ನ್ಯಾಶ್. ಎಂಜಿನಿಯರಿಂಗ್ ಓದಲು ಬಂದು, ರಸಾಯನಶಾಸ್ತ್ರವನ್ನು ಹಾದು, ಗಣಿತಕ್ಕೆ ತಿರುಗಿದವನು. 1994ರಲ್ಲಿ ಅವನಿಗೆ ಅರ್ಥಶಾಸ್ತ್ರದ ನೊಬೆಲ್ ಬಹುಮಾನದಲ್ಲಿ ಪಾಲು ದೊರೆಯಿತು.

ನಮ್ಮಲ್ಲಿ ಪತ್ರಗಳಿಗೆ ಕೊರತೆಯಿಲ್ಲ. ಕೊರತೆಯಿರುವುದು ಅವುಗಳ ಒಳಗೆ. ವಿದ್ಯಾರ್ಥಿಯೇ ಪತ್ರ ಬರೆದು ತರುವುದು, ಅಧ್ಯಾಪಕರು ರುಜು ಹಾಕುವುದು ಎಂಬ ಪದ್ಧತಿ ಅನೇಕ ಕಡೆ ಬೇರೂರಿದೆ. ಮೂರು ಮಂದಿಯ ಮೂರು ಪತ್ರಗಳಲ್ಲಿ ಒಂದೇ ಶೈಲಿ, ಒಂದೇ ವಿಶೇಷಣಗಳು, ಕೆಲವೊಮ್ಮೆ ಒಂದೇ ಅಕ್ಷರದೋಷ! ಇಂಥವನ್ನು ವರ್ಷಗಟ್ಟಲೆ ಓದಿದವರಿಗೆ ಗುರುತು ಸಿಕ್ಕದಿರುತ್ತದೆಯೇ? ಇದರಲ್ಲಿ ದೋಷ ವಿದ್ಯಾರ್ಥಿಗಿಂತ ಅಧ್ಯಾಪಕರದೇ ಹೆಚ್ಚೆಂದು ನಮ್ಮ ಅಭಿಪ್ರಾಯ. ಅಧ್ಯಾಪಕರು ನಿಜವಾದ ಪತ್ರ ಬರೆಯಬೇಕಾದರೆ ಬರೆಯಲು ಏನಾದರೂ ಇರಬೇಕಲ್ಲವೇ? ಆದ್ದರಿಂದ ಎರಡನೆಯ ವರ್ಷದಿಂದಲೇ, ಪಠ್ಯದಲ್ಲಿಲ್ಲದ ಒಂದು ಸಮಸ್ಯೆಯನ್ನು ಹಿಡಿದು ಅಧ್ಯಾಪಕರ ಕೊಠಡಿಗೆ ಹೋಗಿ, ಅವರ ಮುಂದೆ ಕುಳಿತು ಬಿಡಿಸಲು ಯತ್ನಿಸಿರಿ. ನಾಲ್ಕು ಬಾರಿ ಹೀಗಾದರೆ ಪತ್ರ ತಾನಾಗಿ ಹುಟ್ಟುತ್ತದೆ.

ಈಗ ಬೆಂಗಳೂರಿನ ಕಥೆ. 1923ರಲ್ಲಿ ಕಾನ್ಪುರದಲ್ಲಿ ಹುಟ್ಟಿದ ಹರೀಶ್ ಚಂದ್ರ ಅಲಹಾಬಾದಿನಲ್ಲಿ ಭೌತಶಾಸ್ತ್ರ ಓದಿದರು. ಅಲ್ಲಿಯ ಗ್ರಂಥಾಲಯದಲ್ಲಿ ಡಿರಾಕ್ ಬರೆದ ಕ್ವಾಂಟಂ ಶಾಸ್ತ್ರದ ಗ್ರಂಥ ಕೈಗೆ ಸಿಕ್ಕಿ, ಸಂಶೋಧನೆಯೇ ತಮ್ಮ ಮಾರ್ಗವೆಂದು ನಿಶ್ಚಯಿಸಿದರು. ಅವರ ಗುರು ಕೆ. ಎಸ್. ಕೃಷ್ಣನ್. 1943ರಲ್ಲಿ ಎಂ.ಎಸ್‌ಸಿ. ಮುಗಿಸಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಹೋಮಿ ಭಾಭಾ ಅವರೊಡನೆ ಎರಡು ವರ್ಷ ದುಡಿದರು. ಭಾಭಾ ಮತ್ತು ಕೃಷ್ಣನ್ ಇಬ್ಬರ ಶಿಫಾರಸಿನ ಮೇಲೆ ಕೇಂಬ್ರಿಜ್‌ನಲ್ಲಿ ಸ್ವತಃ ಡಿರಾಕ್ ಅವರನ್ನು ಶಿಷ್ಯನನ್ನಾಗಿ ತೆಗೆದುಕೊಂಡರು. ಇಲ್ಲಿ ಶಿಫಾರಸು ಮಾಡಿದವರು ಕೇವಲ ದೊಡ್ಡ ಹೆಸರಿನವರಲ್ಲ. ಒಬ್ಬರು ಈತನಿಗೆ ಪಾಠ ಹೇಳಿದವರು, ಮತ್ತೊಬ್ಬರು ಈತನ ಜೊತೆಯಲ್ಲಿ ಪ್ರಬಂಧಗಳನ್ನು ಬರೆದವರು.

ಕೇಂಬ್ರಿಜ್‌ನಲ್ಲಿ ಅವರು ಕೈಗೊಂಡ ವಿಷಯ, ಸಾಪೇಕ್ಷತಾವಾದದಲ್ಲಿ ಬರುವ ಲೊರೆಂಟ್ಸ್ ಗ್ರೂಪಿಗೆ ಸಂಬಂಧಿಸಿದ್ದು. ಬರೆದ ಪ್ರಬಂಧದ ವಾದಸರಣಿ ಗಣಿತದ ದೃಷ್ಟಿಯಿಂದ ಬಿಗಿಯಾಗಿಲ್ಲವೆಂಬ ಕೊರಗು ಅವರನ್ನು ಕಾಡಿತು. ಡಿರಾಕರಿಗೆ ಅದೇನೂ ದೊಡ್ಡ ಸಂಗತಿಯಾಗಿ ಕಾಣಲಿಲ್ಲ. ಪ್ರಕೃತಿ ಹೇಗೆ ನಡೆಯುತ್ತದೆಂಬುದು ಅವರಿಗೆ ಮುಖ್ಯ. ಶಿಷ್ಯನಿಗೆ ಅದೇ ಕಣ್ಣು ತೆರೆಸಿತು. 1947ರಲ್ಲಿ ಪಿಎಚ್.ಡಿ. ಮುಗಿಸಿ ಡಿರಾಕರ ಸಹಾಯಕರಾಗಿ ಪ್ರಿನ್ಸ್‌ಟನ್‌ಗೆ ಹೋದವರು ಅಲ್ಲಿ ಗಣಿತಕ್ಕೆ ತಿರುಗಿ, ಗ್ರೂಪುಗಳ ನಿರೂಪಣ ಸಿದ್ಧಾಂತದಲ್ಲಿ ಶತಮಾನದ ಅಗ್ರಗಣ್ಯರಾದರು. 1983ರಲ್ಲಿ ತೀರಿಕೊಳ್ಳುವವರೆಗೂ ಪ್ರಿನ್ಸ್‌ಟನ್ನಿನ ಉನ್ನತ ವ್ಯಾಸಂಗ ಸಂಸ್ಥೆಯಲ್ಲಿದ್ದರು. ಚೌಕ ತರಂಗದ ಕೊಂಬಿನ ಬಳಿ ನಿಂತುಬಿಟ್ಟ ನಮ್ಮ ಊಹೆಯ ವಿದ್ಯಾರ್ಥಿಯದೂ ಇದೇ ಕೊರಗಿನ ಸಣ್ಣ ರೂಪ.

ಹಣದ ಮಾತನ್ನು ಬಿಡುವಂತಿಲ್ಲ. ಮನೆಯವರು ಮೊದಲು ಕೇಳುವುದು ಅದನ್ನೇ. ಪರಮಾಣು ಶಕ್ತಿ ಇಲಾಖೆ 1983ರಲ್ಲಿ ಸ್ಥಾಪಿಸಿದ ರಾಷ್ಟ್ರೀಯ ಉನ್ನತ ಗಣಿತ ಮಂಡಳಿಯು ಎಂ.ಎಸ್‌ಸಿ. ಮತ್ತು ಪಿಎಚ್.ಡಿ. ಎರಡಕ್ಕೂ ಪರೀಕ್ಷೆಯ ಮೂಲಕ ವಿದ್ಯಾರ್ಥಿವೇತನ ಕೊಡುತ್ತದೆ. ನೆಟ್ ಪರೀಕ್ಷೆಯಲ್ಲಿ ಕಿರಿಯ ಸಂಶೋಧಕರಾಗಿ ಆಯ್ಕೆಯಾದವರಿಗೆ 2023ರ ಜನವರಿಯಿಂದ ಜಾರಿಗೆ ಬಂದ ದರದಂತೆ ಮಾಸಿಕ 37,000 ರೂಪಾಯಿ. ಅಮೆರಿಕದ ಪಿಎಚ್.ಡಿ. ವಿದ್ಯಾರ್ಥಿಗಳು ಸಾಮಾನ್ಯವಾಗಿ ಕೆಳಗಿನ ತರಗತಿಗಳಿಗೆ ಕಲಿಸಿ ಶುಲ್ಕ ವಿನಾಯಿತಿಯನ್ನೂ ಜೀವನವೇತನವನ್ನೂ ಪಡೆಯುತ್ತಾರೆ. ಆದರೆ ಅಲ್ಲಿಗೆ ಅರ್ಜಿ ಹಾಕುವುದೇ ದುಬಾರಿ. ಪ್ರತಿ ವಿಶ್ವವಿದ್ಯಾಲಯಕ್ಕೂ ಬೇರೆ ಬೇರೆ ಶುಲ್ಕ. ಕೆಲವು ಕಡೆ ವಿನಂತಿಯ ಮೇಲೆ ಅದನ್ನು ಮನ್ನಾ ಮಾಡುವರು, ಕೇಳಲು ಸಂಕೋಚಪಡಬಾರದು. ನಾಲ್ಕು ವರ್ಷದ ಪದವಿಯನ್ನು ನಿರೀಕ್ಷಿಸುವ ವಿಶ್ವವಿದ್ಯಾಲಯಗಳು ಅಲ್ಲಿ ಅನೇಕ. 2021ರಲ್ಲಿ ನಾಲ್ಕು ವರ್ಷದ ಪದವಿಯನ್ನು ತಂದಿದ್ದ ಕರ್ನಾಟಕವು 2024ರಲ್ಲಿ ಮೂರು ವರ್ಷಕ್ಕೆ ಹಿಂದಿರುಗಿರುವುದರಿಂದ, ನಮ್ಮವರು ಇಲ್ಲಿ ಎಂ.ಎಸ್‌ಸಿ. ಮಾಡಿ ಅನಂತರ ಹೊರಡುವುದೇ ಸುಗಮ. ಡಿಸೆಂಬರಿನಲ್ಲಿ ಅರ್ಜಿ, ವಸಂತದಲ್ಲಿ ಉತ್ತರ. ನೆರವಿನೊಡನೆ ಕರೆ ಬಂದವರು ಒಪ್ಪಿಗೆ ತಿಳಿಸಲು ಬಹುಪಾಲು ವಿಶ್ವವಿದ್ಯಾಲಯಗಳಲ್ಲಿ ಏಪ್ರಿಲ್ 15ರವರೆಗೆ ಅವಕಾಶವುಂಟು.

ಸಿದ್ಧತೆಗೆ ನಾವು ಧೈರ್ಯವಾಗಿ ಸೂಚಿಸಬಹುದಾದ ಒಂದು ಸ್ಥಳ ಬೇಸಿಗೆಯ ಎಂ.ಟಿ.ಟಿ.ಎಸ್. ಶಿಬಿರ. ಪ್ರಾಧ್ಯಾಪಕ ಎಸ್. ಕುಮರೇಶನ್ ಇದನ್ನು 1993ರಲ್ಲಿ ಆರಂಭಿಸಿದರು. ಅಲ್ಲಿ ಪಾಠಕ್ಕಿಂತ ಪ್ರಶ್ನೆಗಳು ಹೆಚ್ಚು. ‘ಏಕೆ?’ ಎಂಬ ಮಾತನ್ನು ದಿನಕ್ಕೆ ನೂರು ಬಾರಿ ಕೇಳಿಸಿಕೊಂಡು ಬಂದವರಿಗೆ ಸಂದರ್ಶನದ ಭಯ ಉಳಿಯುವುದಿಲ್ಲ.

ಜ್ಯಾಮ್ ಪರೀಕ್ಷೆ ನಡೆಯುವುದು ಫೆಬ್ರವರಿಯಲ್ಲಾದರೂ ಅರ್ಜಿಯ ಕಾಲ ಅದಕ್ಕಿಂತ ತಿಂಗಳುಗಳ ಮೊದಲೇ, ಸೆಪ್ಟೆಂಬರ್–ಅಕ್ಟೋಬರ್ ಸುಮಾರಿಗೆ, ಮುಗಿದುಹೋಗುತ್ತದೆ. ಅದಕ್ಕೆ ವಯೋಮಿತಿಯಿಲ್ಲ, ಒಂದು ವರ್ಷ ತಪ್ಪಿದವರು ಮರುವರ್ಷ ಕೂರಬಹುದು. ಹೆಣ್ಣುಮಕ್ಕಳಿಗೂ ಪರಿಶಿಷ್ಟ ಜಾತಿ ಪಂಗಡಗಳವರಿಗೂ ಶುಲ್ಕದಲ್ಲಿ ರಿಯಾಯಿತಿಯುಂಟು. ಹಿಂದುಳಿದ ವರ್ಗಗಳವರು ಒಂದು ವಿಷಯವನ್ನು ಮುಖ್ಯವಾಗಿ ಗಮನಿಸಬೇಕು: 2ಎ, 3ಬಿ ಎಂದು ನಮ್ಮ ರಾಜ್ಯದಲ್ಲಿ ಕೊಡುವ ಪ್ರಮಾಣಪತ್ರ ಇಲ್ಲಿ ನಡೆಯುವುದಿಲ್ಲ, ಕೇಂದ್ರ ಸರ್ಕಾರದ ಪಟ್ಟಿಗೆ ಅನುಗುಣವಾಗಿ, ಕೇಂದ್ರದ ನಮೂನೆಯಲ್ಲಿ, ತಹಸೀಲ್ದಾರರಿಂದ ಬೇರೆಯೇ ಪ್ರಮಾಣಪತ್ರ ಪಡೆಯಬೇಕು. ತಾಲ್ಲೂಕು ಕಛೇರಿಯಲ್ಲಿ ಅದಕ್ಕೆ ದಿನಗಳು ಹಿಡಿಯುವುದರಿಂದ ಜುಲೈ ತಿಂಗಳಲ್ಲಿಯೇ ಅರ್ಜಿ ಕೊಟ್ಟಿಡುವುದು ಲೇಸು.